ತಟ್ಟಿ ನೋಡಬಾರದಿದ್ದ ಡ್ರಮ್ಮುಗಳು

ತರಬೇತಿ ಮಂಡಳಿಯ ಮಾನ್ಯ ಕಾರ್ಯದರ್ಶಿಗಳೇ,

ಯಾರ ಮೇಲೆ ದೂರು ಬರೆದಿದ್ದೆನೋ ಅವರ ಕೈಗೇ ಆ ದೂರನ್ನು ಭದ್ರವಾಗಿ ತಲುಪಿಸಿದ್ದಕ್ಕೆ ನಿಮ್ಮ ಕಚೇರಿಗೆ ಮೊದಲು ವಂದನೆ. ಅದೂ ನಾಲ್ಕೇ ದಿನದಲ್ಲಿ! ಅಂಕಪಟ್ಟಿ ಕಳಿಸಲು ನಾಲ್ಕು ತಿಂಗಳು ತೆಗೆದುಕೊಳ್ಳುವವರಿಗೆ ಇಷ್ಟು ಚುರುಕು ಎಲ್ಲಿಂದ ಬಂತು? ಬರುವ ಸೋಮವಾರ ನಾನು ನಿಮ್ಮ ಶಿಸ್ತು ಸಮಿತಿಯ ಮುಂದೆ ನಿಲ್ಲಬೇಕಂತೆ. ಹೇಳಿಕೊಳ್ಳಲು ಹತ್ತು ನಿಮಿಷ ಕೊಟ್ಟಿದ್ದೀರಿ. ಅಷ್ಟರಲ್ಲಿ ಹಿಡಿಸದ ಮಾತನ್ನು ಇಲ್ಲಿ, ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ಹಗಲು ಲೆಕ್ಕಪರಿಶೋಧಕರ ಕಚೇರಿಯಲ್ಲಿ ದುಡಿಯುತ್ತ, ಉಳಿದ ಹೊತ್ತಿನಲ್ಲಿ ಪರೀಕ್ಷೆಗೆ ಓದುವ ನಮ್ಮಂಥ ಟ್ರೇನಿಗಳಿಗೆ ನೀವೊಂದು ಕೈಪಿಡಿ ಕೊಡುತ್ತೀರಿ. 'ಅನುಭವಿ ಮಾರ್ಗದರ್ಶಕರ ನೆರಳು' ಸಿಗುತ್ತದೆ ಎಂದು ಅದರಲ್ಲಿದೆ. ನೆರಳೇನೋ ಸಿಕ್ಕಿತು ಸ್ವಾಮೀ. ಸೇರಿದ ದಿನ ನನಗೆ ತೋರಿಸಿದ ಕುರ್ಚಿಯ ಬೆನ್ನಿಗೆ ಯಾರದೋ ಸ್ವೆಟರ್ ನೇತಾಡುತ್ತಿತ್ತು. ಡ್ರಾಯರಿನಲ್ಲಿ ಅರ್ಧದವರೆಗೆ ಗೆರೆ ಎಳೆದ ಪಠ್ಯಪುಸ್ತಕ.

"ಇಲ್ಲಿ ಕೂರ್ತಿದ್ದೋರು?" ಎಂದು ಕೇಳಿದೆ.

"ಬಿಟ್ಟು ಹೋದ್ಲು," ಎಂದರು ನನ್ನ ಮಾರ್ಗದರ್ಶಕರು, ನಾವೆಲ್ಲ 'ಸರ್' ಎನ್ನುತ್ತಿದ್ದವರು. ತಲೆ ಎತ್ತಲಿಲ್ಲ. ಊಟದ ಹೊತ್ತಿನಲ್ಲಿ ಟೈಪಿಸ್ಟ್ ಹೆಂಗಸು ನನ್ನ ಕಿವಿಯ ಹತ್ತಿರ ಬಂದು, "ಅವಳ ವಿಷಯ ಕೇಳೋಕೆ ಹೋಗ್ಬೇಡಮ್ಮ" ಎಂದರು.

ಏಳು ತಿಂಗಳಾದ ಮೇಲೆ, ವರ್ಷದ ಕೊನೆಯ ದಾಸ್ತಾನು ಎಣಿಸಲು ನನ್ನೊಬ್ಬಳನ್ನೇ ಬಣ್ಣದ ಕಾರ್ಖಾನೆಯೊಂದರ ಗೋದಾಮಿಗೆ ಕಳಿಸಿದರು. ತಗಡಿನ ಸೂರು, ಒಂದೂ ಕಿಟಕಿಯಿಲ್ಲ, ಸೀಲು ಹಾಕಿದ ಡ್ರಮ್ಮುಗಳ ಉದ್ದುದ್ದ ಸಾಲು. ಕಾವಲುಗಾರ ನನ್ನ ಬೆನ್ನ ಹಿಂದೆಯೇ ನಡೆಯುತ್ತಿದ್ದ. ನಾನು ನಿಂತರೆ ನಿಲ್ಲುತ್ತಿದ್ದ. ಎಣಿಸಿದೆ, ಮುನ್ನೂರ ಹನ್ನೆರಡು. ಬರೆಯಲೆಂದು ಹಾಳೆಯನ್ನು ಒಂದು ಡ್ರಮ್ಮಿನ ಮೇಲಿಟ್ಟು ಒತ್ತಿದೆ. ನಾಲ್ಕು ಜನ ಸೇರಿದರೂ ಅಲುಗಾಡಬಾರದ ಆ ಡ್ರಮ್ಮು ಮೊರದ ಹಾಗೆ ಹಿಂದೆ ಸರಿಯಿತು. ಪಕ್ಕದ್ದನ್ನು ತಟ್ಟಿದೆ. ಟೊಳ್ಳು. ಅದರಾಚೆಯದೂ ಟೊಳ್ಳು.

"ಸಾಕು ಬಿಡಿ ಮೇಡಂ," ಎಂದ ಕಾವಲುಗಾರ. "ಹೋದ್ಸಲ ಬಂದ ಹುಡುಗೀನೂ ಹೀಗೇ ತಟ್ಟಿದ್ರು."

ಅವನ ದನಿಯಲ್ಲಿ ಕನಿಕರವಿತ್ತು.

ಕಚೇರಿಗೆ ಓಡಿಬಂದು ಹೇಳಿದೆ. "ನಿನ್ನ ಎಣಿಸೋಕೆ ಕಳಿಸಿದ್ದು, ತಟ್ಟೋಕಲ್ಲ," ಎಂದರು ಸರ್. ಅವರ ಮೇಜಿನ ಮೇಲೆ ಬೇರೊಂದು ಎಣಿಕೆಯ ಹಾಳೆ ಆಗಲೇ ಸಿದ್ಧವಾಗಿತ್ತು: ಮುನ್ನೂರ ಹನ್ನೆರಡು, ಎಲ್ಲವೂ ತುಂಬಿವೆ. "ವಾರದೊಳಗೆ ಸಹಿ ಹಾಕಿ ಕೊಡು. ಪರೀಕ್ಷೆಗೆ ಕೂರೋಕೆ ನಿನ್ನ ತರಬೇತಿ ಪುಸ್ತಕಕ್ಕೂ ನನ್ನ ಸಹಿ ಬೇಕಲ್ವಾ?"

ಆಗ ನಾನು ನಿಮ್ಮನ್ನು ನಂಬಿದೆ. ಲಕೋಟೆಯ ಮೇಲೆ 'ಗೋಪ್ಯ' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು ನಿಮಗೆ ಕಳಿಸಿದೆ. ಐದನೆಯ ದಿನ ಸರ್ ಒಳಗೆ ಕರೆದರು. ಅವರ ಮೇಜಿನ ಮೇಲೆ ನನ್ನ ಪತ್ರ. ಪತ್ರದ ನೆತ್ತಿಯ ಮೇಲೆ ನಿಮ್ಮ ಕಚೇರಿಯ ಮೊಹರು, ಪಕ್ಕದಲ್ಲಿ ಷರಾ: 'ಮಾರ್ಗದರ್ಶಕರ ಮೂಲಕ ಸಲ್ಲಿಸದ ಕಾರಣ, ಸೂಕ್ತ ಕ್ರಮಕ್ಕಾಗಿ ಮಾರ್ಗದರ್ಶಕರಿಗೆ ರವಾನಿಸಿದೆ.' ಸರ್ ಬೈಯಲಿಲ್ಲ. ಪತ್ರವನ್ನು ನಿಧಾನವಾಗಿ ಮಡಿಸಿ, "ಅಕ್ಷರ ಚೆನ್ನಾಗಿದೆ ನಿಂದು," ಎಂದರು. ಅಷ್ಟೇ. ಬೇಲಿಯೇ ಎದ್ದು ಹೊಲ ಮೇಯ್ದದ್ದನ್ನು ಕೇಳಿದ್ದೆ; ಆ ಬೇಲಿಗೆ ನೀರು ಹಾಯಿಸುವವರನ್ನು ಅವತ್ತು ಕಂಡೆ.

ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಾಳೆ. ಎಲ್ಲ ಕೇಳಿ ಸೆರಗಿಗೆ ಕೈ ಒರೆಸಿಕೊಂಡಳು. "ಎಂತೆಂಥಾ ಕಲೆ ಒಗ್ದಿದೀನಿ ಮಗಳೇ. ಇದೂ ಹೋಗುತ್ತೆ. ಹಾಕಿಬಿಡು."

ಹಾಕಿದೆ. ಸುಳ್ಳೆಂದು ಗೊತ್ತಿದ್ದೂ ಸಹಿ ಹಾಕಿದೆ. ಸೋಮವಾರ ನೀವು ಗುದ್ದಾಡಿ ಬಾಯಿ ಬಿಡಿಸಬೇಕಿಲ್ಲ.

ಮರುತಿಂಗಳ ಪರೀಕ್ಷೆಯಲ್ಲಿ ನಿಮ್ಮದೊಂದು ಪ್ರಶ್ನೆ ಬಂತು: ದಾಸ್ತಾನಿನ ಬಗ್ಗೆ ಅನುಮಾನ ಹುಟ್ಟಿದರೆ ತರಬೇತಿ ಅಭ್ಯರ್ಥಿಯ ಕರ್ತವ್ಯವೇನು? 'ನಿರ್ಭಯವಾಗಿ ಮಂಡಳಿಗೆ ತಿಳಿಸತಕ್ಕದ್ದು' ಎಂದು ಬರೆದೆ. ಆ ಪತ್ರಿಕೆಯಲ್ಲಿ ನೂರಕ್ಕೆ ಎಂಬತ್ತೆಂಟು ಕೊಟ್ಟಿರಿ. ಅಷ್ಟು ಹೇಸಿಗೆ ಹುಟ್ಟಿಸಿದ ಅಂಕ ನನ್ನ ಜನ್ಮದಲ್ಲಿ ಬಂದಿಲ್ಲ.

ಆರು ತಿಂಗಳಿಗೆ ಕಾರ್ಖಾನೆ ಬಾಗಿಲು ಮುಚ್ಚಿತು. ನೂರ ನಲವತ್ತು ಕಾರ್ಮಿಕರು ಗೇಟಿನ ಮುಂದೆ ನಿಂತಿದ್ದಾಗಲೇ ಆ ದಾಸ್ತಾನನ್ನು ನಂಬಿ ಸಾಲ ಕೊಟ್ಟಿದ್ದ ಬ್ಯಾಂಕಿನವರು ಡ್ರಮ್ಮುಗಳ ಸೀಲು ಒಡೆಸಿದರು. ಒಳಗೆ ಗಾಳಿ. "ಎಣಿಸಿದ್ದು ಆ ಹುಡುಗಿ. ನಂಬಿ ಕೆಟ್ಟೆ," ಎಂದು ಸರ್ ಹೇಳಿಕೆ ಕೊಟ್ಟರು. ಅವರಿಗೆ ನಿಮ್ಮಿಂದ ಸಾಂತ್ವನ, ನನಗೆ ನೋಟಿಸು.

ನೋಟಿಸು ಬಂದ ದಿನ ನನ್ನ ಡ್ರಾಯರಿನ ಹಳೆಯ ಪುಸ್ತಕದ ಮೊದಲ ಪುಟದಲ್ಲಿದ್ದ ವಿಳಾಸ ಹಿಡಿದು ಹೊರಟೆ. ಮೂರನೆಯ ಮಹಡಿ. ಬಾಗಿಲು ಸರಪಳಿಯಷ್ಟೇ ತೆರೆಯಿತು. ನನಗಿಂತ ಎರಡು ಮೂರು ವರ್ಷ ದೊಡ್ಡವಳು, ಕಣ್ಣ ಕೆಳಗೆ ಕಪ್ಪು. ಯಾರೆಂದು ಹೇಳಿದೆ.

"ಡ್ರಮ್ಮು ತಟ್ಟಿದ್ಯಾ?" ಎಂದಳು.

"ತಟ್ಟಿದೆ ಅಕ್ಕ."

ಸರಪಳಿ ಕಳಚಿತು. ಅವಳೂ ನಿಮಗೆ ಬರೆದಿದ್ದಳು. ಅವಳ ಪತ್ರವನ್ನೂ ಹೀಗೇ ರವಾನಿಸಿದ್ದಿರಿ. ಅವಳು ಸಹಿ ಹಾಕಲಿಲ್ಲ. ಅದಕ್ಕೇ ಅವಳ ಮೂರು ವರ್ಷದ ತರಬೇತಿಯನ್ನು ಸರ್ 'ಅತೃಪ್ತಿಕರ' ಎಂದು ಬರೆದು ಮುಗಿಸಿದರು, ನೀವು ಒಪ್ಪಿದಿರಿ. ಆಮೇಲೆ ಅವಳನ್ನು ಯಾವ ಕಚೇರಿಯೂ ಸೇರಿಸಿಕೊಳ್ಳಲಿಲ್ಲ. ನಿಮ್ಮ ಮೊಹರಿರುವ ಆ ಪತ್ರದ ನಕಲು ಅವಳ ಹತ್ತಿರವಿದೆ, ಮಾನ್ಯರೇ. ಅಂದರೆ ನಾನು ಗೋದಾಮಿಗೆ ಕಾಲಿಡುವ ಒಂದು ವರ್ಷ ಮೊದಲೇ ನಿಮಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ನನ್ನನ್ನು ಅದೇ ಕುರ್ಚಿಯಲ್ಲಿ ಕೂರಲು ಬಿಟ್ಟಿರಿ. ಇದು ಅಲಕ್ಷ್ಯವೋ, ಏರ್ಪಾಡೋ?

ಸೋಮವಾರ ಅಕ್ಕ ನನ್ನ ಜೊತೆ ಬರುತ್ತಾಳೆ. ಸರ್ ಅವರನ್ನೂ ಅದೇ ಕೋಣೆಯಲ್ಲಿ ನಿಲ್ಲಿಸಿ. ನಮ್ಮ ದೂರುಗಳನ್ನು ರವಾನಿಸಿದ ಕೈ ಯಾರದೆಂದು ಬಹಿರಂಗವಾಗಿ ಹೇಳಿ. ನನಗೆ ಶಿಕ್ಷೆ ಕೊಡಿ, ಅದು ನನಗೆ ಸಲ್ಲಬೇಕಾದ್ದೇ. ಅಕ್ಕನ ಮೂರು ವರ್ಷ ವಾಪಸು ಕೊಡಿ.

ಇನ್ನೊಂದು ಮಾತು. ಸರ್ ಹೊಸ ಟ್ರೇನಿಯೊಬ್ಬಳನ್ನು ಸೇರಿಸಿಕೊಂಡಿದ್ದಾರೆ. ಹೋದ ವಾರ ಅವಳನ್ನೊಬ್ಬಳನ್ನೇ ಯಾವುದೋ ಶೀತಲಗೃಹಕ್ಕೆ ಎಣಿಕೆಗೆ ಕಳಿಸಿದ್ದರೆಂದೂ, ಬಂದಾಗಿನಿಂದ ಅವಳು ಊಟದ ಡಬ್ಬಿ ತೆರೆದಿಲ್ಲವೆಂದೂ ಟೈಪಿಸ್ಟ್ ಹೇಳಿದರು. ಅವಳ ಪತ್ರ ಬಹುಶಃ ಈಗಾಗಲೇ ನಿಮ್ಮ ಮೇಜಿನ ಮೇಲಿದೆ. ದಯವಿಟ್ಟು ಅದನ್ನು ಎಲ್ಲಿಗೂ ಕಳಿಸಬೇಡಿ. ಓದಿ.

ಇಂತಿ,
ಇನ್ನೆರಡು ಪತ್ರಿಕೆ ಪಾಸಾಗಬೇಕಿದ್ದ, ಬಹುಶಃ ಇನ್ನೆಂದೂ ಪರೀಕ್ಷೆಗೆ ಕೂರದ
ಒಬ್ಬಳು ಟ್ರೇನಿ