ಓದದೆ ಒತ್ತಿದ ಮುದ್ರೆ

ಮಾನ್ಯ ಕುವಬಾರಾ ಅವರಿಗೆ,

ಶಾಲೆಯೂಟದ ನಿಯಮಗಳನ್ನು ಕಂಪ್ಯೂಟರಿಗೆ ಇನ್ನು ಮುಂದೆ ಯಾವ ಭಾಷೆಯಲ್ಲಿ ಬರೆಯಬೇಕೆಂದು ನಾಳೆ ನೀವು ತೀರ್ಮಾನಿಸುತ್ತೀರಿ. ಅದಕ್ಕೇ ಹೆದರಿ ಬರೆಯುತ್ತಿದ್ದೇನೆ.

ಎಂಜಿನಿಯರ್ ಇಸೊಗಾಯ್ ಕಂಪ್ಯೂಟರ್ ಕೋಡಿನಲ್ಲಿ ಬರೆದ, ಈಗ ನಡೆಯುತ್ತಿರುವ ನಿಯಮದ ಕಾಗದ ನನ್ನ ಬಳಿ ಬಂದಾಗ, ಸಹಿಯ ಬದಲು ಒತ್ತುವ ಹೆಸರಿನ ಮುದ್ರೆ ಆಗಲೇ ಶಾಲೆಯ ಐವರದು ಬಿದ್ದಿತ್ತು. "ಓದಿ ಏನ್ಮಾಡ್ತೀರಿ ನುಕಾಗಾ ಅಕ್ಕಾ, ಒತ್ತಿಬಿಡಿ" ಎಂದ. ಎಂಟನೇ ತರಗತಿಗೇ ಶಾಲೆ ಬಿಟ್ಟವಳು, ಕೇಳಲು ನಾಚಿ ಒತ್ತಿದೆ. ಅಡುಗೆಮನೆಯವಳು ಓದಿಯೇ ಓದುತ್ತಾಳೆಂದು ಆ ಐವರೂ ಓದದೆ ಒತ್ತಿದ್ದರಂತೆ.

ನಿನ್ನೆ, ಮೊಟ್ಟೆ ತಿಂದರೆ ಉಸಿರು ಕಟ್ಟುವ ಚಿನಾತ್ಸು ಎಂಬ ಮಗುವಿನ ಹೆಸರಿಗೆ ಅದೇ ನಿಯಮದಂತೆ ಕಂಪ್ಯೂಟರ್ ಮೊಟ್ಟೆಯ ತಟ್ಟೆಯನ್ನೇ ಬರೆದಿತ್ತು. ಕೊನೇ ಗಳಿಗೆಯಲ್ಲಿ ಕಿತ್ತುಕೊಂಡೆ.

"ಮೊಟ್ಟೆ ಆಗದ ಮಗುವಿಗೆ ಮೊಟ್ಟೆ ಕೊಡಬೇಡ" ಎಂದು ನಮ್ಮ ಮಾತಿನಲ್ಲೇ ಬರೆಯುವ ಭಾಷೆಯೂ ಇದೆಯಂತೆ, ಆದರೆ ಕೆಲಸ ನಿಧಾನವಂತೆ. ದಯವಿಟ್ಟು ಅದನ್ನೇ ಆರಿಸಿ. ಆಗದಿದ್ದರೆ, ನನ್ನ ಮುದ್ರೆಯನ್ನು ಈ ಲಕೋಟೆಯೊಳಗೇ ಇಟ್ಟಿದ್ದೇನೆ. ಓದಬಲ್ಲವರು ಒತ್ತಲಿ.

ಅಲ್ಲಿಯವರೆಗೆ ಚಿನಾತ್ಸುವಿಗೆ ನಾನೇ ಬಡಿಸುತ್ತೇನೆ.

ಅಡುಗೆಮನೆಯಿಂದ,
ನುಕಾಗಾ ತೊಮೊಎ