ಬಗ್ಗದ ಸೊಂಟದ ಕೂಸು

ಬಾಡಿಗೆ ಮನೆಯ ಜೊತೆಗೇ ನನಗೆ ಸಿಕ್ಕಿದ ಅಜ್ಜಿಗೆ,

ನಾವು ನೇಪಾಳದಿಂದ ಶಿರಸಿಗೆ ಬಂದು ನಿಮ್ಮ ಹಿತ್ತಲಿನ ಕೋಣೆ ಸೇರಿದ ವರ್ಷದ ವಿಜಯದಶಮಿ ನೆನಪಿದೆಯಾ? ನಿಮ್ಮ ಜಗುಲಿಯಲ್ಲಿ ಓಣಿಯ ಮಕ್ಕಳೆಲ್ಲ ಸಾಲಾಗಿ ನಿಮ್ಮ ಕಾಲಿಗೆ ಬಿದ್ದು ಉಂಡೆ ಇಸಿದುಕೊಳ್ಳುತ್ತಿದ್ದರು. ನನ್ನ ಸರದಿ ಬಂದಾಗ ನಾನು ಕಂಬದ ಹಾಗೆ ನಿಂತೆ. "ಎಂತದೇ ಕೂಸೆ, ನಿನ್ನ ಸೊಂಟ ಬಗ್ತಿಲ್ಯನೇ?" ಅಂದಿರಿ. ಎಲ್ಲರೂ ನಕ್ಕರು. ನಮ್ಮಲ್ಲಿ ಹೆಣ್ಣುಮಗು ಹಿರಿಯರ ಕಾಲಿಗೆ ಬೀಳಬಾರದು, ಬಿದ್ದರೆ ಪಾಪ ಹಿರಿಯರಿಗೇ ಅಂತ ಹೇಳಬೇಕಿತ್ತು. ಹೇಳಲು ನನ್ನ ಹತ್ತಿರ ಆಗ ಕನ್ನಡ ಎಲ್ಲಿತ್ತು?

ಅದೇ ಮಧ್ಯಾಹ್ನ ನೀವು ಪಾಯಸದ ಪಾತ್ರೆ ಹಿಡಿದು ನಮ್ಮ ಕೋಣೆಗೆ ಬಂದಿರಿ. ಅಪ್ಪ ನನ್ನ ಹಣೆಗೆ ಮೊಸರು, ಅಕ್ಕಿ, ಕುಂಕುಮ ಕಲಸಿದ ತಿಲಕ ಒತ್ತಿ, ಬಗ್ಗಿ ನನ್ನ ಪಾದಕ್ಕೆ ಹಣೆ ಮುಟ್ಟಿಸುತ್ತಿದ್ದ. ರಾತ್ರಿಯಿಡೀ ಸೀಟಿ ಊದಿಕೊಂಡು ಊರು ಕಾಯುವ ಗೂರ್ಖಾ, ಮಗಳ ಕಾಲ ಬುಡದಲ್ಲಿ! ಅಪ್ಪ ತನಗೆ ಬರುವಷ್ಟು ಭಾಷೆಯಲ್ಲಿ ವಿವರಿಸಿದ. "ಅಯ್ಯೋ, ಹಂಗಾರೆ ಆನೇ ಬೀಳಕಾಗಿತ್ತು ಹೇಳಿ ಆತು!" ಎಂದು ನೀವು ಪಾತ್ರೆ ಕೆಳಗಿಟ್ಟು, ಮಂಡಿ ಹಿಡಿದುಕೊಂಡು ನೀವೇ ನನ್ನ ಕಾಲಿಗೆ ಬಗ್ಗಲು ಹೊರಟೇಬಿಟ್ಟಿರಿ. ನಾನು ಬಾಗಿಲ ಹಿಂದೆ ಓಡಿದೆ. ಕೊನೆಗೆ ನೀವೇ ರಾಜಿ ಮಾಡಿದಿರಿ: "ನೀ ಬೀಳಡ, ಆನೂ ಬೀಳ್ತ್ನಿಲ್ಲೆ. ಇಬ್ರೂ ನಿಂತ್ಕಂಡೇ ಇಪ್ಪನ." ಅವತ್ತಿನಿಂದ ಪ್ರತಿ ದಶಮಿಗೂ ನಾವಿಬ್ಬರು ಎದುರುಬದುರು ನಿಂತು ಕೈ ಹಿಡಿದುಕೊಳ್ಳುತ್ತಿದ್ದೆವು.

ಒಮ್ಮೆ ರಜೆಗೆ ನೇಪಾಳಕ್ಕೆ ಹೋಗಿ ಅತ್ತುಕೊಂಡು ಬಂದಿದ್ದೆ. ಇಲ್ಲಿ ನಾನು ಗೂರ್ಖಾನ ಮಗಳು, ಅಲ್ಲಿ ದೊಡ್ಡಪ್ಪನ ಮಕ್ಕಳಿಗೆ ಮದ್ರಾಸಿ. ಹಾಗಾದರೆ ನಾನು ಎಲ್ಲಿಯವಳು ಅಂತ ಕೇಳಿದೆ. "ಅವಕ್ಕೆ ಎಂತ ಗೊತ್ತಿದ್ದು? ನೀ ದೋಸೆ ತಿನ್ನು" ಅಂದಿರಿ. ಉತ್ತರ ಅಲ್ಲವೇ ಅಲ್ಲ ಅದು. ಆದರೂ ದೋಸೆ ತಿನ್ನುತ್ತಾ ಅಳು ನಿಂತಿತ್ತು.

ಈಗ ನಿಮಗೆ ಗೊತ್ತಿಲ್ಲದ ಸುದ್ದಿ. ಹೋದ ವಾರ ನನ್ನ ಮದುವೆಯಾಯಿತು. ಹುಡುಗ ಬನವಾಸಿ ಕಡೆಯವನು, ಯಲ್ಲಾಪುರದಲ್ಲಿ ನಾನು ಕಲಿಸುವ ಶಾಲೆಯಲ್ಲೇ ಮೇಷ್ಟ್ರು. ತಿಂಗಳಿಂದ ಅಪ್ಪನಿಗೆ ಒಂದೇ ಚಿಂತೆ: ಮಂಟಪದಲ್ಲಿ ಎಲ್ಲರೆದುರು ನಿನ್ನನ್ನು ನನ್ನ ಕಾಲಿಗೆ ಬೀಳಿಸಿದರೆ? ಬೇಡ ಅಂದರೆ ನಿನ್ನ ಅತ್ತೆ ಮನೆಯವರು ಏನಂದುಕೊಳ್ಳುತ್ತಾರೆ? ನೀವಿದ್ದಿದ್ದರೆ ಸೆರಗು ಸಿಕ್ಕಿಸಿಕೊಂಡು ಮುಂದೆ ಬರುತ್ತಿದ್ದಿರಿ. ನೀವಿರಲಿಲ್ಲವಲ್ಲ...

ಅಂದುಕೊಂಡಂತೆಯೇ ಆಯಿತು. "ಹುಡುಗಿ ಅಪ್ಪನ ಕಾಲಿಗೆ ಬೀಳ್ರಿ" ಅಂದರು ಅತ್ತೆ. ಹುಡುಗ ಬಿದ್ದ, ನಾನು ನಿಂತೇ ಇದ್ದೆ. ಅಪ್ಪ ಹಿಂದೆ ಹಿಂದೆ ಸರಿದು ಗೋಡೆಗೆ ಅಂಟಿ ನಿಂತ. "ಸಂಸ್ಕಾರ ಕಲಿಸಿಲ್ಲೇನ್?" ಅಂತ ಯಾರೋ ಗೊಣಗಿದರು. ಆದರೆ ಈ ಸಲ ನನ್ನ ಹತ್ತಿರ ಕನ್ನಡ ಇತ್ತು. "ನಮ್ಮಲ್ಲಿ ಮಗಳು ಬಗ್ಗೋದಿಲ್ಲ ಅತ್ತೆ, ಅಪ್ಪನೇ ಬಗ್ತಾರೆ" ಅಂದೆ, ಎಲ್ಲರಿಗೂ ಕೇಳುವ ಹಾಗೆ. ಅಪ್ಪ ಬಂದು ನನ್ನ ಪಾದಕ್ಕೆ ಹಣೆ ಇಟ್ಟ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ನಮ್ಮಪ್ಪ ನನ್ನ ಕಾಲು ಮುಟ್ಟೋದು ಅತ್ಲಾಗಿರ್ಲಿ, ತವರಿಗೆ ಹೋದಾಗ ಆರಾಮದಿಯೇನು ಅಂತ ಸೈತ ಕೇಳ್ಲಿಲ್ಲ" ಅಂದರು. ಸೊಸೆಯಾದವಳು ಅತ್ತೆಗೆ ಬಗ್ಗುವುದು ನಮ್ಮಲ್ಲೂ ಉಂಟು, ನಾನು ಖುಷಿಯಿಂದಲೇ ಬಗ್ಗಿದೆ. ಅವರು ಅರ್ಧಕ್ಕೇ ನನ್ನ ಎರಡೂ ಕೈ ಹಿಡಿದು ಎತ್ತಿದರು. "ಬ್ಯಾಡವ್ವ. ನೀ ಹಂಗ ನಿಂದ್ರು."

ಆ ಮಾತನ್ನು ನಾನು ಮೊದಲೂ ಕೇಳಿದ್ದೆ, ಬೇರೆ ಕನ್ನಡದಲ್ಲಿ. ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳು ಆಗ ಬಂತು.

ಈ ದಶಮಿಗೆ ಅತ್ತೆಯನ್ನೂ ಕರೆದುಕೊಂಡು ನಿಮ್ಮ ಜಗುಲಿಗೆ ಬರುತ್ತೇನೆ. ಈಗ ಅಲ್ಲಿ ನಿಮ್ಮ ಫೋಟೋ ಇದೆ, ಮಾಲೆ ಹಾಕಿದ್ದಾರೆ. ಬಂದವರೆಲ್ಲ ಅದಕ್ಕೆ ಬಗ್ಗಿ ನಮಸ್ಕಾರ ಮಾಡುತ್ತಾರೆ. ನಾನು ಮಾತ್ರ ಮಾಡುವುದಿಲ್ಲ ಅಜ್ಜಿ, ಮಾತು ಮಾತೇ. ನಾನು ನಿಂತಿರುತ್ತೇನೆ, ನೀವೂ ನಿಂತೇ ಇರಿ.

ನಿಮ್ಮ ಕೂಸು,
ಮಾಯಾ