ತೆರೆಯ ಮೇಲೆ ನಿಂತುಹೋದ ತುಟಿಗಳು

ಶಿಕ್ಷಣ ಖಾತೆಯ ಮಾನ್ಯ ಸಚಿವರೇ,

ನಮ್ಮೂರ ಶಾಲೆಗೆ ದೊಡ್ಡದೊಂದು ಪರದೆ ಕೊಟ್ಟು ಟೀಚರನ್ನು ಕಿತ್ತುಕೊಂಡಿರಿ. ಈ ಅದಲುಬದಲಿನಲ್ಲಿ ನನ್ನ ಮಗಳು ಮಾತು ಬಿಟ್ಟಳು. ನಿಮ್ಮ ಭಾಷಣಗಳಲ್ಲಿ ಬರುವ ಅಭಿವೃದ್ಧಿ ಎಂದರೆ ಇದೇ ಏನು?

ಅಪುಸೇನಿ ಬೆಟ್ಟದಲ್ಲಿ ಹಸು ಸಾಕಿ ಚೀಸ್ ಮಾಡಿ ಬದುಕುವವಳು ನಾನು. ಮಗಳು ಝೆನೊವಿಯಾಗೆ ಕೂಸಾಗಿದ್ದಾಗ ಬಂದ ಜ್ವರದಲ್ಲಿ ಕಿವಿ ಹೋಯಿತು. ವೆತೂರಿಯಾ ಟೀಚರು ಕಿಟಕಿಯ ಬೆಳಕು ತಮ್ಮ ಮುಖಕ್ಕೆ ಬೀಳುವಂತೆ ನಿಂತು, ಮಗುವಿನ ಅಂಗೈಯನ್ನು ತಮ್ಮ ಗಂಟಲ ಮೇಲಿಟ್ಟುಕೊಂಡು, ತುಟಿ ನೋಡಿ ಮಾತಾಡುವುದನ್ನು ಕಲಿಸಿದರು. ಒಂದು ಬೆಳಗ್ಗೆ ಮಗಳು ಅಡುಗೆಮನೆಯಿಂದ, "ಅಮ್ಮಾ, ಹಾಲು ಉಕ್ತಿದೆ!" ಎಂದು ಕೂಗಿದಳು. ಉಕ್ಕಿದರೆ ಉಕ್ಕಲಿ ಎಂದು ಅವಳನ್ನು ತಬ್ಬಿಕೊಂಡು ನಿಂತುಬಿಟ್ಟೆ.

ಮಕ್ಕಳು ಕಡಿಮೆ ಎಂದು ಟೀಚರನ್ನು ವರ್ಗ ಮಾಡಿದಿರಿ. ಪಾಠ ನಗರದಿಂದ ಇಂಟರ್‌ನೆಟ್ ಮೂಲಕ ಪರದೆಗೆ ಬರತೊಡಗಿತು. ನಮ್ಮ ಬೆಟ್ಟದಲ್ಲಿ ಚಿತ್ರ ಆಗಾಗ ನಿಂತುಬಿಡುತ್ತದೆ, ದನಿ ಮಾತ್ರ ಬರುತ್ತದೆ. ಉಳಿದ ಮಕ್ಕಳಿಗೆ ಅಷ್ಟೇ ಸಾಕಾಯಿತು. ಪರಿಶೀಲನೆಗೆ ಬಂದ ನಿಮ್ಮ ಅಧಿಕಾರಿ, "ದನಿ ಬರ್ತಿದೆಯಲ್ಲಮ್ಮ, ಇನ್ನೇನು ಬೇಕು?" ಎಂದರು.

"ಸ್ವಾಮಿ, ಇವಳಿಗೆ ದನಿ ಬೇಡ, ಬಾಯಿ ಕಾಣ್ಬೇಕು."

"ವ್ಯವಸ್ಥೆಯಲ್ಲಿ ಹಾಗೆಲ್ಲ ಮಾಡೋಕ್ಕಾಗಲ್ಲ ಕಣಮ್ಮ."

ಎಂಥ ವ್ಯವಸ್ಥೆ ಸ್ವಾಮಿ! ಕಿವುಡು ಮಗುವಿಗೆ ದನಿ ಕೊಟ್ಟು ಕೈತೊಳೆದುಕೊಂಡ ವ್ಯವಸ್ಥೆ!

ಅಂದು ಸಂಜೆ ಝೆನೊವಿಯಾ ಕೇಳಿದಳು: "ಅಮ್ಮಾ, ಹೊಸ ಟೀಚರ್‌ಗೆ ನನ್ ಮೇಲೆ ಕೋಪಾನಾ? ನಾನು ನೋಡಿದ್ ತಕ್ಷಣ ಬಾಯಿ ನಿಲ್ಲಿಸ್ಬಿಡ್ತಾರೆ."

"ಇಲ್ಲ ಕಂದಾ, ಯಂತ್ರದ ದೋಷ" ಎಂದೆ. ನಂಬಲಿಲ್ಲ. ಮೊದಲು ಶಾಲೆಯಲ್ಲಿ ಮಾತು ಬಿಟ್ಟಳು, ಆಮೇಲೆ ಮನೆಯಲ್ಲಿ. ಕೊನೆಗೆ ಕ್ಲುಜ್ ನಗರದ ಕಿವುಡು ಮಕ್ಕಳ ವಸತಿಶಾಲೆಗೆ ಬಿಟ್ಟುಬಂದೆ. ಅಲ್ಲಿ ಅವಳಿಗೆ ಗೆಳತಿಯರಿದ್ದಾರೆ, ಕೈಸನ್ನೆಯ ಭಾಷೆಯಿದೆ. ನಗುತ್ತಾಳಂತೆ. ಅದು ನನಗೂ ಸಂತೋಷವೇ.

ಈಸ್ಟರ್ ಹಬ್ಬಕ್ಕೆ ಬಂದಿದ್ದಳು. ಹಬ್ಬದ ಪದ್ಧತಿಯಂತೆ ಕೆಂಪು ಬಣ್ಣ ಹಚ್ಚಿದ ಮೊಟ್ಟೆ ಕೈಗಿಟ್ಟೆ. ಬೆರಳಾಡಿಸಿ ಏನೋ ಉದ್ದಕ್ಕೆ ಹೇಳಿದಳು. ತಿಳಿದವಳಂತೆ ತಲೆಯಾಡಿಸಿದೆ. ನನಗೆ ತಿಳಿಯಲಿಲ್ಲವೆಂದು ಅವಳಿಗೆ ತಿಳಿಯಿತು. ಮೆಲ್ಲಗೆ ಕೈ ಕೆಳಗಿಳಿಸಿದಳು.

ಪರದೆಯನ್ನು ಹೊತ್ತೊಯ್ಯಿರಿ ಎನ್ನುವಷ್ಟು ದಡ್ಡಿ ನಾನಲ್ಲ. ಅದರ ಪಕ್ಕದಲ್ಲಿ ಮಕ್ಕಳ ಮುಖ ನೋಡುವ ಒಬ್ಬ ಟೀಚರನ್ನು ನಿಲ್ಲಿಸಿ. ಸಂಜೆ ಶಾಲೆ ಬಿಟ್ಟ ಮೇಲೆ ಅದೇ ಪರದೆಯಲ್ಲಿ ನನಗೆ ಮಗಳ ಭಾಷೆ ಕಲಿಸಿ. ಹಾಲು ಕರೆದು, ಕೈ ತೊಳೆದು ಬಂದು ಕೂರುತ್ತೇನೆ. ಬೇಸಿಗೆ ರಜೆಗೆ ಅವಳು ಬರುವುದರೊಳಗೆ "ಊಟ ಮಾಡಿದೆಯಾ ಕಂದಾ" ಎಂದು ಕೇಳುವಷ್ಟಾದರೂ ನನಗೆ ಬರಬೇಕು.

ಇಂತಿ,
ನಿಮ್ಮ ಸರ್ಕಾರ 'ಸಂಪರ್ಕ ಹೊಂದಿದೆ' ಎಂದು ಸಾರಿದ ಊರಿನಿಂದ,
ಝೆನೊವಿಯಾಳ ತಾಯಿ ಸಾವೆತಾ